ಚೋಮನ ಎತ್ತು, ನಮ್ಮ ಫೈನಾನ್ಸು

ನಮ್ಮ ದಾವಣಗೆರೆ ಪುಸ್ತಕದ ಬಳಗದಲ್ಲಿ ಈ ಸಲ ಶಿವರಾಮ ಕಾರಂತರ ‘ಚೋಮನ ದುಡಿ’. 1933ರದ್ದು, ಸಣ್ಣ ಪುಸ್ತಕ, ಒಂದ್ ರಾತ್ರೀಲಿ ಮುಗಿಯುತ್ತೆ ಅಂತ ಮೇಷ್ಟ್ರು ಹೇಳಿದ್ದೇ ಎಡವಟ್ಟಾಯ್ತು ನೋಡ್ರಿ, ಒಂದೇ ರಾತ್ರೀದಲ್ವಾ ನಾಳೆ ಓದಿದ್ರಾಯ್ತು ಅಂತ ಎಲ್ರೂ ಶನಿವಾರದವರೆಗೂ ತಳ್ಳಿದ್ವಿ.

ಭಾನುವಾರ ಸಂಜೆ ಗ್ಲಾಸ್ ಹೌಸ್ ಹತ್ರ ಸೇರಿದ್ವಿ. ಮಧ್ಯೆ ಪೇಪರ್ ಹಾಸಿ ಖಾರ ಮಂಡಕ್ಕಿ, ಬಿಸಿ ಮೆಣಸಿನಕಾಯಿ. ಎಣ್ಣೆ ಇಳಿದು ವಧು-ವರರ ಜಾಹೀರಾತು ಹಿಂದಿನ ಪುಟದಿಂದ ಕಾಣ್ತಿತ್ತು.

ಶುರು ಮಾಡಿದ್ದು ಫೈನಾನ್ಸು. (ನಾವು ಕಸುಬಿನಿಂದ್ಲೇ ಕರಿಯೋದು.)

‘ಅಲ್ಲಲೇ, ಈ ಚೋಮಂಗೆ ಸಾಲ ತಲೆ ಮೇಲೈತೆ, ಮನೇಲಿ ಜೋಡೆತ್ತು ಕಟ್ಕೊಂಡವ್ನೆ. ಮಾರಿ ಬಿಸಾಕೋದ್ ಬಿಟ್ಟು ಮಕ್ಕಳನ್ನ ಘಟ್ಟದ ಕಾಫಿ ತೋಟಕ್ಕೆ ಕಳಿಸ್ತಾರೇನು?’

‘ಗೇಣಿಗೆ ಒಂದ್ ತುಂಡು ಗದ್ದೆ ಸಿಕ್ಕೀತು ಅಂತ ಸಾಕಿದ್ದಪ್ಪ ಅವು’ ಅಂದ್ರು ಬ್ಯಾಂಕ್ ಅಕ್ಕ. ಪೂರ್ತಿ ಓದಿದ್ದು ಅವ್ರೂ ಮೇಷ್ಟ್ರೂ ಮಾತ್ರ. ‘ಅಸ್ಪೃಶ್ಯ ಅಂತ ಬೇಸಾಯಕ್ಕೇ ಬಿಡ್ಲಿಲ್ಲ. ದುಡ್ಡಿನ ಲೆಕ್ಕ ಅಲ್ಲ ಅದು.’

‘ಸಿನಿಮಾದಲ್ಲೂ ಅಷ್ಟೇ’ ಅಂದ ಗೊಬ್ಬರದಂಗಡಿ. ‘ಕಾರಂತರು ಪುಸ್ತಕಾನೂ ಬರ್ದು 1975ರಲ್ಲಿ ಸಿನಿಮಾನೂ ಮಾಡಿದಾರಲ್ಲ, ಏನ್ ತಾಕತ್ತು!’

ಮೇಷ್ಟ್ರು ಕೈಲಿದ್ದ ಮೆಣಸಿನಕಾಯಿ ಕೆಳಗಿಟ್ರು. ‘ಲೇ, ಅವ್ರು ಬಿ.ವಿ. ಕಾರಂತರು ಕಣೋ. ಸ್ವರ್ಣ ಕಮಲ ಬಂದಿದ್ದು ಅವ್ರ ಸಿನಿಮಾಕ್ಕೆ. ಚೋಮನ ಪಾರ್ಟು ವಾಸುದೇವ ರಾವ್ ಅವ್ರದ್ದು.’

ಗೊಬ್ಬರದಂಗಡಿ ಇಪ್ಪತ್ತು ವರ್ಷ ಇಬ್ರನ್ನೂ ಒಬ್ರೇ ಅಂದ್ಕೊಂಡು ಆರಾಮಾಗಿದ್ದನಂತೆ.

ಆಮೇಲೆ ಮೇಷ್ಟ್ರು ನೀಲನ ವಿಷಯ ಎತ್ತಿದ್ರು. ಚೋಮನ ಕೊನೇ ಮಗ, ಹೊಳೇಲಿ ಮುಳುಗ್ತಾ ಇದ್ರೆ ದಡದಲ್ಲಿ ಜನ ಇದ್ರೂ ಮುಟ್ಟಿ ಎತ್ತೋರಿಲ್ಲ. ಯಾರ ಕೈಯೂ ಮಂಡಕ್ಕಿಗೆ ಹೋಗ್ಲಿಲ್ಲ. ಎರಡ್ ನಿಮಿಷ ಅಷ್ಟೇ ಅನ್ನಿ, ಆಮೇಲೆ ಫೈನಾನ್ಸು ಮತ್ತೆ, ‘ಆದ್ರೂ ಎತ್ತು ಮಾರ್ಬೇಕಿತ್ತು.’

ಗೊಬ್ಬರದಂಗಡಿಗೆ ಸೇಡು ತೀರಿಸ್ಕೊಳ್ಳೋ ಚಾನ್ಸು ಸಿಕ್ತು. ‘ಲೇ, ಜಗಳೂರ ಕಡೆ ಹೊಲ ಮಾರಿ ಹನ್ನೆರಡು ವರ್ಷ ಆಯ್ತಲ್ಲ ನೀನು, ಪಾರ್ಕಿಂಗ್‌ನಲ್ಲಿ ನಿಮ್ಮಪ್ಪ ಬೀಜ ಬಿತ್ತೋ ಕೂರಿಗೆ ಯಾಕ್ ಇಟ್ಕೊಂಡಿದ್ದೀ?’

ನಾವೆಲ್ಲ ನೋಡಿದೀವಿ ಅದನ್ನ. ನಾಲ್ಕು ತಾಳಿಂದು, ಗೋಡೆಗೆ ಒರಗ್ಸಿದಾನೆ, ಅದ್ರಿಂದ ಕಾರು ಅರ್ಧ ರೋಡಲ್ಲಿ ನಿಲ್ಲುತ್ತೆ, ಬೀಜದ ಬಟ್ಟಲಲ್ಲಿ ಮಗನ ಟೆನಿಸ್ ಬಾಲು.

‘ಅದು ಬೇರೆ.’

‘ಏನ್ ಬೇರೆ? ಚೋಮಂಗೆ ಎತ್ತಿತ್ತು ಹೊಲ ಇರ್ಲಿಲ್ಲ, ನಿಂಗೆ ಎತ್ತೂ ಇಲ್ಲ ಹೊಲಾನೂ ಇಲ್ಲ. ಗುಜರಿಗೆ ಹಾಕು!’

‘ಗುಜರಿಯವ್ನು ಬಂದಿದ್ದ. ಬೈದು ಕಳಿಸ್ದೆ’ ಅಂದ. ಅಕ್ಕ ನಗು ತಡ್ಕೊಳ್ಳೋಕೆ ಚಹಾ ಲೋಟ ಎತ್ತಿದ್ರು.

ಎದ್ದು ಹೊರಡೋವಾಗ ಫೈನಾನ್ಸು ಮೇಷ್ಟ್ರ ಪಕ್ಕಕ್ಕೆ ಬಂದು ಮೆತ್ತಗೆ ಕೇಳ್ದ, ‘ಸಾರ್, ಆ ಪುಸ್ತಕ ಎರಡ್ ದಿನ ಕೊಡ್ತೀರಾ? ನಾನು ಹದಿನೆಂಟನೇ ಪುಟದಲ್ಲಿದೀನಿ.’