ಅಮೆರಿಕದ ‘ಡಿಸ್ಟ್ರಿಕ್ಟ್ ಜಡ್ಜ್’ ಎಂದರೆ ನಮ್ಮ ಜಿಲ್ಲಾ ನ್ಯಾಯಾಧೀಶರಂತೆಯೇ?

ಪ್ರಶ್ನೆ – ಕಾನೂನು ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಒಬ್ಬ ಡಿಸ್ಟ್ರಿಕ್ಟ್ ಜಡ್ಜ್ ಅಧ್ಯಕ್ಷರ ಆದೇಶಕ್ಕೇ ತಡೆಯಾಜ್ಞೆ ಕೊಟ್ಟರೆಂಬ ಸುದ್ದಿ ಓದಿದಾಗಲೆಲ್ಲ ಗೊಂದಲವಾಗುತ್ತದೆ. ನಮ್ಮಲ್ಲಿ ಒಂದು ಕಾಯ್ದೆಯನ್ನು ಅಸಾಂವಿಧಾನಿಕವೆಂದು ಘೋಷಿಸಲು ಜಿಲ್ಲಾ ನ್ಯಾಯಾಲಯಕ್ಕೆ ಅಧಿಕಾರವಿಲ್ಲ, ಹೈಕೋರ್ಟಿಗೇ ಹೋಗಬೇಕು. ಇನ್ನೊಂದು ಸಂದೇಹ: ‘ಸರ್ಷಿಯೊರರಿ ನಿರಾಕರಿಸಲಾಗಿದೆ’ ಎಂದರೆ ಕೆಳಗಿನ ತೀರ್ಪನ್ನು ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು ಎಂದರ್ಥವೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ – ವಕೀಲರು, ಬೆಂಗಳೂರು

ಹೆಸರು ಒಂದೇ ಆದರೂ ಹುದ್ದೆ ಬೇರೆ. ನಮ್ಮದು ಒಂದೇ ಏಣಿಯ ವ್ಯವಸ್ಥೆ. ರಾಜ್ಯದ ಕಾನೂನಿರಲಿ, ಕೇಂದ್ರದ ಕಾನೂನಿರಲಿ, ಎರಡನ್ನೂ ಕರ್ನಾಟಕ ಹೈಕೋರ್ಟೇ ವಿಚಾರಿಸುತ್ತದೆ. ಅಮೆರಿಕದಲ್ಲಿ ಐವತ್ತು ರಾಜ್ಯಗಳಿಗೂ ತಮ್ಮ ತಮ್ಮ ನ್ಯಾಯಾಲಯಗಳಿದ್ದು, ವಿಚ್ಛೇದನ, ಜಮೀನಿನ ತಕರಾರು, ಕಳ್ಳತನದಂಥ ಹೆಚ್ಚಿನ ಪ್ರಕರಣಗಳು ಅಲ್ಲಿಯೇ ಇತ್ಯರ್ಥವಾಗುತ್ತವೆ. ಅವುಗಳ ಪಕ್ಕದಲ್ಲಿ ನಿಂತಿರುವ ಇನ್ನೊಂದು ಏಣಿಯೇ ಫೆಡರಲ್ (ಅಂದರೆ ಕೇಂದ್ರದ) ವ್ಯವಸ್ಥೆ: ಕೆಳಗೆ 94 ಡಿಸ್ಟ್ರಿಕ್ಟ್ ಕೋರ್ಟುಗಳು, ನಡುವೆ 13 ಮೇಲ್ಮನವಿ ನ್ಯಾಯಾಲಯಗಳು, ತುದಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟ್.

ಈ ಏಣಿ ಹತ್ತಬೇಕಾದರೆ ಮೊದಲು ಅಧಿಕಾರವ್ಯಾಪ್ತಿ ಸಾಬೀತಾಗಬೇಕು. ಸಾಮಾನ್ಯವಾಗಿ ವಿವಾದವು ಫೆಡರಲ್ ಕಾನೂನು ಅಥವಾ ಸಂವಿಧಾನಕ್ಕೆ ಸಂಬಂಧಿಸಿರಬೇಕು. ಇಲ್ಲವೇ ವಾದಿ, ಪ್ರತಿವಾದಿಗಳು ಬೇರೆ ಬೇರೆ ರಾಜ್ಯದವರಾಗಿ, ವಿವಾದದ ಮೊತ್ತ 75,000 ಡಾಲರ್ ಮೀರಿರಬೇಕು. ಈ ಫೆಡರಲ್ ಡಿಸ್ಟ್ರಿಕ್ಟ್ ಜಡ್ಜ್‌ಗಳನ್ನು ಅಧ್ಯಕ್ಷರು ಸೆನೆಟ್ ಒಪ್ಪಿಗೆಯೊಂದಿಗೆ ನೇಮಿಸುತ್ತಾರೆ, ಕಡ್ಡಾಯ ನಿವೃತ್ತಿ ವಯಸ್ಸಿಲ್ಲ, ಕಾನೂನಿನ ಸಾಂವಿಧಾನಿಕತೆಯನ್ನು ಅವರೇ ಪರಿಶೀಲಿಸಬಹುದು. ಆದರೆ ತಡೆಯಾಜ್ಞೆಗೆ ಈಗ ಮಿತಿ ಬಿದ್ದಿದೆ: ದಾವೆ ಹೂಡಿದವರಿಗೆ ಪೂರ್ಣ ಪರಿಹಾರ ಸಿಗಲು ಬೇಕಾದುದಕ್ಕಿಂತ ಅದು ವಿಶಾಲವಾಗಿರಬಾರದೆಂದು 2025ರ ಜೂನ್‌ನಲ್ಲಿ ಟ್ರಂಪ್ ವಿರುದ್ಧ ಕಾಸಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಉತ್ತರ – ಕಾನೂನು ಕಚೇರಿ ಉದ್ಯೋಗಿ, ನ್ಯೂಜೆರ್ಸಿ

ತಮ್ಮ ಎರಡನೆಯ ಸಂದೇಹಕ್ಕೆ ಉತ್ತರ: ಇಲ್ಲ, ಹಾಗೆ ಅರ್ಥವಲ್ಲ. ನಮ್ಮ ಪಠ್ಯದಲ್ಲಿ ಸರ್ಷಿಯೊರರಿ ಎಂದರೆ ಭಾರತ ಸಂವಿಧಾನದ 226ನೆಯ ವಿಧಿಯಡಿ ಕೆಳಗಿನ ಆದೇಶವನ್ನು ರದ್ದುಪಡಿಸುವ ಹೈಕೋರ್ಟಿನ ರಿಟ್ (ವಿಶೇಷ ಆದೇಶ). ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಅದು ‘ಈ ಪ್ರಕರಣವನ್ನು ಕೈಗೆತ್ತಿಕೊಳ್ಳುತ್ತೇವೆ’ ಎಂಬ ಅನುಮತಿ; ನಮ್ಮ ಸುಪ್ರೀಂ ಕೋರ್ಟಿಗೆ 136ನೆಯ ವಿಧಿಯಡಿ ಸಲ್ಲಿಸುವ ವಿಶೇಷ ಅನುಮತಿ ಅರ್ಜಿಗೇ ಹೆಚ್ಚು ಹತ್ತಿರ. ಒಂಬತ್ತರಲ್ಲಿ ನಾಲ್ವರು ಒಪ್ಪಿದರೆ ಸಾಕು. ಪ್ರತಿವರ್ಷ ಬರುವ ಸಾವಿರಾರು ಅರ್ಜಿಗಳಲ್ಲಿ ಪೂರ್ಣ ವಿಚಾರಣೆಗೆ ಬರುವವು ನೂರರೊಳಗೆ. ಸಾಮಾನ್ಯವಾಗಿ ಸೋಮವಾರ ಹೊರಬೀಳುವ ಆದೇಶಪಟ್ಟಿಯನ್ನು ತೆರೆದು ನೋಡಿ: ಪುಟಗಟ್ಟಲೆ ಪ್ರಕರಣ ಸಂಖ್ಯೆಗಳು, ಅವುಗಳ ಮೇಲೆ ‘ನಿರಾಕರಿಸಲಾಗಿದೆ’ ಎಂಬ ಒಂದೇ ಸಾಲು. ಬಹುಪಾಲು ಕಾರಣವನ್ನೇ ಕೊಟ್ಟಿರುವುದಿಲ್ಲ. ಕೆಳಗಿನ ತೀರ್ಪು ಸರಿಯೆಂದು ಆ ಸಾಲು ಹೇಳುವುದೂ ಇಲ್ಲ.

‘ರಿಮ್ಯಾಂಡ್’ ಪದದ ಬಗ್ಗೆಯೂ ಎಚ್ಚರವಿರಲಿ. ನಮ್ಮ ಪತ್ರಿಕೆಗಳಲ್ಲಿ ಅದನ್ನು ಆರೋಪಿಯನ್ನು ಬಂಧನಕ್ಕೆ ಒಪ್ಪಿಸುವುದಕ್ಕೆ ಬಳಸುವುದೇ ಹೆಚ್ಚು; ಅಮೆರಿಕದ ತೀರ್ಪುಗಳಲ್ಲಿ ಪ್ರಕರಣವನ್ನೇ ಕೆಳಗಿನ ನ್ಯಾಯಾಲಯಕ್ಕೆ ಹಿಂದಿರುಗಿಸುವುದಕ್ಕೆ ಬಳಸುತ್ತಾರೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದ. ನಮ್ಮ ಬಂಧುಗಳು ಪದೇ ಪದೇ ಹೇಳುವ ಇಮಿಗ್ರೇಷನ್ (ವಲಸೆ) ಕೋರ್ಟ್ ಕೂಡ ಈ ಏಣಿಯಲ್ಲೇ ಇದೆಯೇ?

ಉತ್ತರ – ಕಾನೂನು ಕಚೇರಿ ಉದ್ಯೋಗಿ, ನ್ಯೂಜೆರ್ಸಿ

ಇಲ್ಲ. ಅದು ನ್ಯಾಯ ಇಲಾಖೆಯ ಅಧೀನದಲ್ಲಿದೆ, ಅಂದರೆ ಕಾರ್ಯಾಂಗದ ಭಾಗ. ಅಲ್ಲಿನ ನ್ಯಾಯಾಧೀಶರಿಗೆ ಆಜೀವ ಅಧಿಕಾರಾವಧಿ ಇಲ್ಲ. ಗಡೀಪಾರು ಆದೇಶವಾದರೆ ಮೊದಲು ಅದೇ ಇಲಾಖೆಯ ವಲಸೆ ಮೇಲ್ಮನವಿ ಮಂಡಳಿಗೆ ಹೋಗಬೇಕು. ಅಲ್ಲಿ ಸೋತ ಬಳಿಕ ಸಾಮಾನ್ಯವಾಗಿ ಡಿಸ್ಟ್ರಿಕ್ಟ್ ಕೋರ್ಟನ್ನು ದಾಟಿ ನೇರವಾಗಿ ಫೆಡರಲ್ ಮೇಲ್ಮನವಿ ನ್ಯಾಯಾಲಯಕ್ಕೆ, 30 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಆ ಗಡುವನ್ನು ಮಾತ್ರ ತಮ್ಮ ಬಂಧುಗಳು ಯಾವ ಕಾರಣಕ್ಕೂ ತಪ್ಪಿಸಿಕೊಳ್ಳಬಾರದು.