ಕಾರ್ಟೂನಿನಲ್ಲಿ ದೊಡ್ಡವರ ಜೋಕು: ನಿಮ್ಮನೇಲಿ ಏನ್ಮಾಡಿದ್ರಿ?

ಶಿವಮೊಗ್ಗದ ಅಮ್ಮ: ಮಗಳಿಗೆ ಏಳು ವರ್ಷ. ಮೊನ್ನೆ ‘ಶ್ರೆಕ್’ ಸಿನಿಮಾ ನೋಡ್ತಿದ್ವಿ. ಕುಳ್ಳ ದೊರೆ ಫಾರ್ಕ್ವಾಡ್‌ನ ಮುಗಿಲೆತ್ತರದ ಕೋಟೆ ಕಂಡು, ಇವನಿಗೆ ಇನ್ನೇನೋ ಕಮ್ಮಿ ಇರಬೇಕು, ಅದಕ್ಕೇ ಇಷ್ಟು ದೊಡ್ಡದು ಕಟ್ಟಿದಾನೆ ಅನ್ನೋ ಅರ್ಥದಲ್ಲಿ ಶ್ರೆಕ್ ಮಾತಾಡ್ತಾನಲ್ಲ, ಅಲ್ಲಿ ನಾನೂ ನಮ್ಮನೆಯವರೂ ನಕ್ಬಿಟ್ವಿ. ಅವತ್ತಿಂದ ‘ಯಾಕಮ್ಮ ನಕ್ಕಿದ್ದು’ ಅಂತ ಬೆನ್ನು ಬಿದ್ದಿದಾಳೆ. ಆ ತುಂಟ ಹುಡುಗನ ಜಪಾನಿ ಕಾರ್ಟೂನು ಶಿನ್‌ಚಾನ್ ಬೇರೆ ದಿನಾ ಬೇಕು. ನಿಲ್ಲಿಸೋದಾ, ಜೊತೆಗೆ ಕೂತು ನೋಡೋದಾ?

ದಾವಣಗೆರೆ ಗೃಹಿಣಿ: ನಾನು ಪೂರ್ತಿ ನಿಲ್ಲಿಸಿದೆ. ಕೇಬಲ್‌ನವರಿಗೆ ಹೇಳಿ ಮಕ್ಕಳ ಚಾನೆಲ್ ತೆಗೆಸಿದ್ರೆ ಪ್ಯಾಕೇ ಬದಲಾಗಿ ಕ್ರಿಕೆಟ್ಟೂ ಹೋಯ್ತು. ನಮ್ಮ ಮಾವ ವಾರವೆಲ್ಲ ಮುಖ ಗಂಟಿಕ್ಕಿಕೊಂಡೇ ಊಟ ಮಾಡಿದ್ರು. ಟಿವಿ ಬದಲು ಕಥೆ ಪುಸ್ತಕ ಅಂತ 1,850 ರೂಪಾಯಿ ಸುರಿದೆ. ಮಗ ಎದುರು ಮನೇಲಿ ಶಿನ್‌ಚಾನ್ ನೋಡ್ಕೊಂಡು ಬಂದು, ನಾಮಕರಣದ ದಿನ ಬೀಗರ ಮುಂದೆ ಶಿನ್‌ಚಾನ್ ಹಾಗೇ ಚಡ್ಡಿ ಜಾರಿಸಿ ಕುಣಿದ! ಆದ್ರೂ ಹೇಳ್ತೀನಿ, ನಿಲ್ಲಿಸಿದ್ದೇ ಸರಿ. ಈಗ ಪುಸ್ತಕ ಕೈಯಿಂದ ಬಿಡಲ್ಲ.

ಮಂಗಾ ಓದುಗ: ಶಿನ್‌ಚಾನ್ ಮಕ್ಕಳದ್ದು ಅಂತ ಯಾರು ಹೇಳಿದ್ದು? ಯೋಶಿತೊ ಉಸುಯಿ 1990ರಲ್ಲಿ ಅದನ್ನ ಶುರು ಮಾಡಿದ್ದೇ ದೊಡ್ಡವರು ಓದೋ ‘ಮಂಗಾ ಆಕ್ಷನ್’ ಅನ್ನೋ ಮಂಗಾ, ಅಂದ್ರೆ ಜಪಾನಿ ಚಿತ್ರಕಥೆಗಳ, ವಾರಪತ್ರಿಕೆಯಲ್ಲಿ. 1992ರಲ್ಲಿ ಟಿವಿಗೆ ಬಂತು. ಜಪಾನಿನ ಅಪ್ಪ ಅಮ್ಮಂದಿರಿಗೇ ಅದು ಆಗಿಬರ್ತಿರಲಿಲ್ಲ. ನಮ್ಮಲ್ಲಿ 2008ರಲ್ಲಿ ನಿಂತು, ಕತ್ತರಿ ಹಾಕಿಸ್ಕೊಂಡು ಮರುವರ್ಷ ವಾಪಸ್ ಬಂತು.

ಜಯನಗರದ ಅಪ್ಪ: ಜೊತೆಗೆ ಕೂತು ನೋಡಬೇಕು ರೀ. ‘ಕಾರ್ಸ್’ ಸಿನಿಮಾದಲ್ಲಿ ಮಿಯಾ, ಟಿಯಾ ಅನ್ನೋ ಹುಡುಗಿ ಕಾರುಗಳು ಹೆಡ್‌ಲೈಟ್ ಮಿನುಗಿಸಿ ತೋರಿಸಿದಾಗ, ದೊಡ್ಡವರಿಗೆ ಅದು ಎದೆ ತೋರಿಸಿದ ಹಾಗೆ, ನಮ್ಮವನು ‘ಲೈಟ್ ಹಾಕಿದ್ರು’ ಅಂದ, ಮುಗೀತು. ಕುಳ್ಳ ದೊರೆ, ಎತ್ತರದ ಕೋಟೆ, ಮಗುವಿಗೆ ನಗೋಕೆ ಅಷ್ಟು ಸಾಕು. ಟಿಕೆಟ್ ತಗೊಳ್ಳೋರು ಅಪ್ಪ ಅಮ್ಮ, ಅವರಿಗೂ ಏನಾದ್ರೂ ಬೇಕಲ್ಲ, ಅದಕ್ಕೇ ಎರಡೂ ಅರ್ಥ ಕೂಡೋ ಹಾಗೆ ಬರೀತಾರೆ. ಬೀಗರ ಮುಂದೆ ಕುಣಿದ ಅಂದ್ರೆ, ಪಕ್ಕದಲ್ಲಿ ಕೂತು ತಿಳಿಸಿ ಹೇಳೋರು ಇರಲಿಲ್ಲ ಅಂತ.

ದಾವಣಗೆರೆ ಗೃಹಿಣಿ: ನಮ್ಮ ಮನೆ ವಿಷಯ ನಿಮಗೆ ಬೇಡ ಸರ್. ನಾನು ಕುಕ್ಕರ್ ಇಳಿಸೋಷ್ಟರಲ್ಲಿ ಎಪಿಸೋಡ್ ಮುಗಿದಿರುತ್ತೆ, ಯಾವಾಗ ಕೂರ್ಲಿ? ‘ಟಾಯ್ ಸ್ಟೋರಿ 2’ರ ಕೊನೇಲಿ ಆ ಮುದುಕ ಗೊಂಬೆ ಎರಡು ಬಾರ್ಬಿಗಳಿಗೆ ಮುಂದಿನ ಸಿನಿಮಾದಲ್ಲಿ ಪಾರ್ಟ್ ಕೊಡಿಸ್ತೀನಿ ಅಂತಾನಲ್ಲ, ಅದನ್ನೂ ತಿಳಿಸಿ ಹೇಳಿದ್ರಾ? 2019ರಲ್ಲಿ ಡಿಸ್ನಿಯವರೇ ಅದನ್ನ ಕಿತ್ತುಹಾಕಿದ್ರು.

ಜಯನಗರದ ಅಪ್ಪ: ನನ್ನ ಹಳೇ ಡಿಸ್ಕಲ್ಲಿ ಇನ್ನೂ ಇದೆ. 1999ರಲ್ಲಿ ಮಾಡಿದ ಸಿನಿಮಾ ಅದು, ಕತ್ತರಿ ಹಾಕಿದ್ದು ತಪ್ಪು.

ಮಂಗಾ ಓದುಗ: ತಪ್ಪಲ್ಲ. ಹೆಡ್‌ಲೈಟ್ ತಮಾಷೆನೇ ಬೇರೆ, ಅವಕಾಶದ ಆಸೆ ತೋರಿಸಿ ಹೆಣ್ಮಕ್ಕಳನ್ನ ಬಳಸ್ಕೊಳ್ಳೋರನ್ನ ನಗೋಕೆ ಇಡೋದೇ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕ್ಬೇಡಿ.

ಉಡುಪಿಯ ಅಜ್ಜಿ: ನನ್ನ ಸಂಕಟ ಬೇರೆ. ಮೊಮ್ಮಗಳು ಈ ಕಾರ್ಟೂನೆಲ್ಲ ಹಿಂದೀಲೇ ನೋಡಿ, ನನ್ನ ಹತ್ರ ಜಗಳಾನೂ ಹಿಂದೀಲೇ ಆಡ್ತಾಳೆ. ಜೋಕು ಹೊಲಸೋ ಚೊಕ್ಕಟವೋ, ನನಗೆ ಗೊತ್ತಾಗೋದಾದ್ರೂ ಹೇಗೆ?

ಜಯನಗರದ ಅಪ್ಪ: ಅಮ್ಮಾ, ಕನ್ನಡಕ್ಕೆ ಡಬ್ಬಿಂಗ್ ಬೇಡ ಅಂತ ವರ್ಷಗಟ್ಟಲೆ ಕೂಗಿದ್ದು ನಮ್ಮವರೇ.

ದಾವಣಗೆರೆ ಗೃಹಿಣಿ: ಅದನ್ನೂ ಈಗ ಆ ಅಜ್ಜಿ ಮೇಲೇ ಹಾಕ್ತೀರಾ?