ಮರು: ಜೀವಾಶ್ಮವೋ ಪಳೆಯುಳಿಕೆಯೋ? ಫಲಕ ಇವತ್ತೇ ಪ್ರೆಸ್ಸಿಗೆ ಹೋಗಬೇಕು

> ಪುಣೆಯಲ್ಲಿ ಮಕ್ಕಳ ವಿಜ್ಞಾನ ಪ್ರದರ್ಶನ. ಹೂಗಿಡಗಳು ಹೇಗೆ ಬಂದವು ಅಂತ ಒಂದು ಫಲಕ. ಫಾಸಿಲ್‌ಗೆ ಮರಾಠಿಯಲ್ಲಿ ‘ಜೀವಾಶ್ಮ’ ಅಂತಿದೆ, ಕನ್ನಡಕ್ಕೂ ಅದೇ ಸಾಕೇ? ಸಂಜೆಯೊಳಗೆ ಹೇಳಿ.

ಸಾಲದು. ‘ಪಳೆಯುಳಿಕೆ’ ಹಾಕಿ.

ಅಶ್ಮ ಅಂದರೆ ಕಲ್ಲು. ಪುಣೆ ಕೂತಿರುವ ಈ ಕಪ್ಪು ಕಲ್ಲಿನ ಹಾಸು ಮಧ್ಯಪ್ರದೇಶದ ಕಡೆಗೂ ಹರಡಿದೆ, ಅಲ್ಲಿ ಛಿಂದ್ವಾಡಾ ಜಿಲ್ಲೆಯಲ್ಲಿ ಲಾವಾ ಪದರಗಳ ನಡುವೆ ಸಿಕ್ಕ ಹೂವು, ಕಾಯಿಗಳು ನಿಜಕ್ಕೂ ಕಲ್ಲಾಗಿವೆ, ಒಪ್ಪಿದೆ. ಆದರೆ ಸಸ್ಯ ಪಳೆಯುಳಿಕೆಗಳ ತಜ್ಞೆ ಎಲ್ಸ್ ಮೇರಿ ಫ್ರೀಸ್ ಮತ್ತು ಜೊತೆಯವರು 1981ರಲ್ಲಿ ಸ್ವೀಡನ್ನಿನಿಂದ ವರದಿ ಮಾಡಿದ ಪುಟಾಣಿ ಹೂವುಗಳು ಇದ್ದಿಲಾಗಿ ಉಳಿದವು. ಇನ್ನು ಪರಾಗ. ಹೂಬಿಡುವ ಸಸ್ಯಗಳ ಮೊದಲ ಸುಳಿವು ಸಿಗುವುದೇ 13 ಕೋಟಿ ವರ್ಷಕ್ಕೂ ಹಿಂದಿನ ಪರಾಗದಲ್ಲಿ, ಅದನ್ನು ಹೊರತೆಗೆಯುವುದು ಕಲ್ಲನ್ನು ಆಸಿಡ್‌ನಲ್ಲಿ ಕರಗಿಸಿ. ಕಲ್ಲು ಹೋದ ಮೇಲೆ ಉಳಿದದ್ದನ್ನೇ ಕಲ್ಲು ಅಂತ ಕರೆಯಬೇಕಾ? ಉಳಿಕೆ ಅನ್ನಿ, ಮುಗೀತು.

‘ಪಳೆ’ ತಮಿಳು, ‘ಹಳೆಯುಳಿಕೆ’ ಆಗಬೇಕು ಎಂದವರಿಗೆ: ತಪ್ಪು. ಹಳಗನ್ನಡದ ‘ಪೂ’ ಹೂವಾದ ಹಾಗೆ ‘ಪೞ’ ಹಳೆಯದಾಯಿತು, ಎರಡೂ ನಮ್ಮದೇ. ಮೇಲಾಗಿ ಹಳೆಯುಳಿಕೆ ಅಂದರೆ ನಿನ್ನೆಯ ಸಾರು ಅನಿಸುತ್ತದೆ.

‘ಹೂಗಿಡ’ ಮಾತ್ರ ಖಂಡಿತ ಬೇಡ. ಮಕ್ಕಳಿಗೆ ಹೂಗಿಡ ಅಂದರೆ ಬಾಲ್ಕನಿ ಕುಂಡದ ದಾಸವಾಳ. ರಾಗಿ, ಜೋಳ, ಆಲದ ಮರ ಇವೆಲ್ಲ ಇದೇ ಗುಂಪು ಅಂತ ಹೊಳೆಯುವುದೇ ಇಲ್ಲ. ‘ಹೂಬಿಡುವ ಸಸ್ಯಗಳು’ ಅನ್ನಿ, ಸ್ವಲ್ಪ ಉದ್ದ ಆದರೂ ಪರವಾಗಿಲ್ಲ.

ಹೂಬಿಡುವ ಸಸ್ಯಗಳ ಶಾಸ್ತ್ರೀಯ ಹೆಸರು ‘ಆವೃತಬೀಜ’ (ಬೀಜ ಮುಚ್ಚಿರುವವು) ಸಂಸ್ಕೃತ, ಓಡಿಸಿ ಅಂತ ಇನ್ನೊಬ್ಬರು. ಸುಮ್ನೆ ಓಡಿಸೋಕೆ ಅದೇನು ಬಾಡಿಗೆದಾರನಾ? ಚೀನಾದಲ್ಲಿ ಸಿಕ್ಕ ಆರ್ಕಿಫ್ರಕ್ಟಸ್ ಎಂಬ ಸಸ್ಯದ ಪಳೆಯುಳಿಕೆ ಬಗ್ಗೆ 1998ರಲ್ಲಿ ವರದಿ ಬಂತು. ಅದಕ್ಕೆ ಎಸಳೇ ಇಲ್ಲ. ಬೀಜ ಮುಚ್ಚಿದ ಕಾಯಿಯೊಳಗೆ ಇತ್ತು, ಅದನ್ನು ನೋಡಿಯೇ ಈ ಗುಂಪಿಗೆ ಸೇರಿಸಿದರು. ಹೂವಿನ ಅಂದ ಅಲ್ಲ, ಬೀಜದ ಹೊದಿಕೆ ಮುಖ್ಯ ಅಂತ ಆ ಪದ ನೇರವಾಗಿ ಹೇಳುತ್ತದೆ. ತಲೆಬರಹಕ್ಕೆ ಬೇಡ, ಕೆಳಗಿನ ವಿವರಣೆಯಲ್ಲಿ ಇರಲಿ. ಮರಾಠಿಯವರೂ ಇದೇ ಸಂಸ್ಕೃತದಿಂದ ತಗೊಂಡಿದ್ದಾರೆ, ಹಾಗಾಗಿ ಅದು ಮರಾಠಿ ಹೇರಿಕೆ ಅನ್ನುವ ವಾದವೂ ನಿಲ್ಲುವುದಿಲ್ಲ.

ತಲೆಬರಹ: ‘ಪಳೆಯುಳಿಕೆಗಳಲ್ಲಿ ಹೂಬಿಡುವ ಸಸ್ಯಗಳ ವಿಕಾಸ’. ‘ವಿಕಾಸ’ ಯಾಕೆ ಅಂತ ಕೇಳುವವರು ಪ್ರದರ್ಶನ ಮುಗಿಯುವ ತನಕ ತಡೆಯಿರಿ, ಆಮೇಲೆ ಜಗಳ ಆಡೋಣ.